ಚಕ್ಕುಬಂದಿ

ಎಂಟಕ್ಕೆ ಬಾಗಿಲು ತೆಗೆಯುತ್ತೇನೆ.
ಮೊದಲು ಏಸಿ, ಆಮೇಲೆ ದೀಪ.
ಲೂಸಿಯಾನಾದ ಈ ತಗ್ಗಿನಲ್ಲಿ
ಮನುಷ್ಯರಿಗಿಂತ ಕಾಗದಕ್ಕೇ ಸೆಕೆ ಹೆಚ್ಚು.
ಮೂವತ್ತೊಂದು ವರ್ಷದಿಂದ
ಮೊಹರಿನ ತಾರೀಖು ತಿರುಗಿಸುವ ಕೆಲಸ ನನ್ನದು.
ಒಮ್ಮೆ ಮರೆತಿದ್ದೆ.
ಇಡೀ ಒಂದು ಮಂಗಳವಾರ
ಈ ಜಿಲ್ಲೆಯಲ್ಲಿ ಸೋಮವಾರವಾಗಿಯೇ ಉಳಿಯಿತು.

ಕಿಟಕಿಯ ಮೇಲೆ ಬೋರ್ಡಿದೆ:
ಇಲ್ಲಿ ಕಾನೂನು ಸಲಹೆ ಕೊಡುವುದಿಲ್ಲ.
ನಾನು ನೋಡುವುದು ಇಷ್ಟೇ.
ಸಹಿ ಇದೆಯೇ, ಸಾಕ್ಷಿ ಇಬ್ಬರೇ,
ನೋಟರಿಯ ಹೆಸರು ಓದಲು ಬರುತ್ತದೆಯೇ,
ಮೇಲೆ ನಮ್ಮ ಮೊಹರಿಗೆ ಅಂಚು ಬಿಟ್ಟಿದ್ದಾರೆಯೇ.
ನಿಜವೇ ಎಂದು ಕೇಳುವ ಕಾಲಂ ಇಲ್ಲ.

ಬುಧವಾರ ಥಿಯೋಫಿಲ್ ಡಾರ್ಡಾರ್ ಬಂದ.
ಸೀಗಡಿ ದೋಣಿಯ ಬಿಳಿ ರಬ್ಬರ್ ಬೂಟು,
ಬ್ರೆಡ್ಡಿನ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ದಾನಪತ್ರ.
"ಮಿಸ್ ಲಿಯೊಂಟೀನ್, ಇದು ನೋಯೆಮಿಗೆ,
ತಂಗಿಯ ಮಗಳಿಗೆ. ನಾನಿರುವಾಗಲೇ ಆಗಲಿ."

ಮೂಲಪತ್ರ ಸಂಪುಟ ನಲವತ್ತನಾಲ್ಕರಲ್ಲಿದೆ.
ಎತ್ತಿ ತರಲು ಎರಡೂ ಕೈ ಬೇಕು.
ಕಂದು ಶಾಯಿ, ಓರೆ ಅಕ್ಷರ.
ಪೂರ್ವಕ್ಕೆ ಸಾರ್ವಜನಿಕ ರಸ್ತೆ.
ಪಶ್ಚಿಮಕ್ಕೆ ದೊಡ್ಡ ಓಕ್ ಮರ, ಕಬ್ಬಿಣದ ಮೊಳೆ ಹೊಡೆದದ್ದು.
ಉತ್ತರಕ್ಕೆ ವಿಧವೆ ಕ್ಲೆಲಿಯಾಳ ಬೇಲಿ.
ದಕ್ಷಿಣಕ್ಕೆ ಜೌಗು, ಕಣ್ಣು ಹೋಗುವಷ್ಟು ದೂರ.

ತುಯೆತ್ ಪಕ್ಕದ ಮೇಜಿನಲ್ಲಿ
ಕಂಪ್ಯೂಟರಿನಲ್ಲಿ ನಕ್ಷೆ ತೆಗೆದಳು.
ಹೊಸಬಳು, ಆರು ತಿಂಗಳಾಯಿತು,
ಅವಳ ಅಜ್ಜನೂ ಬಲೆ ಎಳೆದವನೇ.
ಪರದೆ ತುಂಬ ನೀಲಿ.
ನಾಲ್ಕು ದಿಕ್ಕಿಗೂ ಒಬ್ಬರೇ ನೆರೆಯವರು.

"ಅಲ್ಲಿ ಜಮೀನೇ ಇಲ್ಲ," ಕಿವಿಯಲ್ಲಿ ಹೇಳಿದಳು.
"ಅಂಚು ಎಷ್ಟು ಬಿಟ್ಟಿದ್ದಾರೆ, ನೋಡು," ಎಂದೆ.

ನೀರಿನಡಿಗೆ ಹೋದದ್ದು ಸರ್ಕಾರದ ಪಾಲು.
ನನಗೆ ಗೊತ್ತು,
ಆ ತೀರ್ಪುಗಳಿಗೂ ಮೊಹರು ಒತ್ತಿದವಳು ನಾನೇ,
ಅವು ಬೇರೆ ಕಪಾಟಿನಲ್ಲಿವೆ.
ಹೇಳುವ ಹಾಗಿಲ್ಲ. ಬೋರ್ಡಿದೆಯಲ್ಲ.
ನೀರ ಮೇಲೆ ಬರೆದ ಹಾಗೆ ಎಂದು
ಜನ ಹೋಲಿಕೆಗೆ ಹೇಳುತ್ತಾರೆ;
ನನಗೆ ಅದಕ್ಕೆ ಸಂಬಳವಿದೆ, ಪಿಂಚಣಿಯೂ ಬರುತ್ತದೆ.

ಥಿಯೋಫಿಲ್ ಪರದೆಯ ಕಡೆ ನೋಡಲಿಲ್ಲ.
ನೋಟು ಎಣಿಸುತ್ತಲೇ ಹೇಳಿದ,
ಚಳಿಗಾಲದಲ್ಲಿ ಉತ್ತರದ ಗಾಳಿ ನೀರನ್ನು ಹಿಂದೆ ತಳ್ಳಿದಾಗ
ಅಮ್ಮನ ನೀರುತೊಟ್ಟಿಯ ಬಾಯಿ ಮೇಲೆ ಕಾಣುತ್ತದಂತೆ.
ಅದಕ್ಕೇ ಹಗ್ಗ ಕಟ್ಟಿ ಏಡಿಯ ಬೋನು ಬಿಡುತ್ತಾನಂತೆ.
"ಒಳ್ಳೆಯ ಏಡಿ. ಮನೆ ಏಡಿ."
ನಕ್ಕ. ನಾನೂ ನಕ್ಕೆ.
ನೂರೈದು ಡಾಲರ್, ಎಲ್ಲ ಒದ್ದೆ ನೋಟು.

ಒಂದೇ ಒಂದು ಕೇಳಿದ:
"ಮರ ಬರೆದಿದ್ದಾರಾ?"
"ಬರೆದಿದ್ದಾರೆ."
"ಮೊಳೆ?"
ಬೆರಳಿಟ್ಟು ಹುಡುಕಿದೆ. ಮೂರನೇ ಸಾಲಿನಲ್ಲಿತ್ತು.
"ಇದೆ."
"ಅದನ್ನು ನನ್ನ ಅಜ್ಜ ಹೊಡೆದದ್ದು," ಎಂದ,
ಟೋಪಿ ಹಾಕಿಕೊಂಡು ಹೋದ.

ಸಮಯ ಹತ್ತು ನಲವತ್ತೆರಡು. ಕ್ರಮಸಂಖ್ಯೆ ಬಿತ್ತು.
ಮೊಹರು ಎಂದಿನಂತೆ ಬಲಕ್ಕೆ ಸ್ವಲ್ಪ ವಾಲಿತು.

ಸ್ಕ್ಯಾನ್ ಮಾಡಿದರೆ ಎರಡನೇ ಪುಟದ ಬುಡದಲ್ಲಿ
ಹೆಬ್ಬೆರಳಿನ ಒದ್ದೆ ಗುರುತು.
ನಿಯಮದ ಪ್ರಕಾರ
ಒಣಗಿಸಿ ಮತ್ತೊಮ್ಮೆ ತೆಗೆಯಬೇಕು.
ತುಯೆತ್ ನನ್ನ ಮುಖ ನೋಡಿದಳು.
ಊಟದ ಹೊತ್ತಾಯಿತು, ಎಂದೆ.

ಮಧ್ಯಾಹ್ನ ಮದುವೆ ಪರವಾನಗಿಗೆ ಒಂದು ಜೋಡಿ,
ಅದೇ ತೀರದ ಮಕ್ಕಳು.
ಅರ್ಜಿಯಲ್ಲಿ ವಿಳಾಸ ಎಂಬಲ್ಲಿಗೆ ಬಂದು
ಇಬ್ಬರೂ ಮುಖ ಮುಖ ನೋಡಿಕೊಂಡರು.
"ಈಗ ಇರುವುದನ್ನು ಬರೆಯಿರಿ," ಎಂದೆ.
"ಪೆನ್ಸಿಲ್ ಕೊಡಲಾ?" ಎಂದಳು ತುಯೆತ್.